ಮಣ್ಣು ಹತ್ತದ ಬೋರ್ಡುಗಳು

"ಮುಟ್ಟಬೇಡ ಆರ್ಡಿತ್, ಅಲ್ಲೇ ನಿಂತ್ಕೋ."

"ಮುಟ್ಟಲ್ಲ. ಆದ್ರೆ ಬೇಗ ಮುಗಿಸ್ತೀರಾ? ಬೋರ್ಡ್ ನೋಡ್ತಾ ಕೂತ್ರೆ ನಮ್ಮಪ್ಪ ಸಿಗ್ತಾನಾ?"

ಪತ್ತೇದಾರಿ ಅಧಿಕಾರಿ ರೋವೀನಾ ಟಿಬೆಟ್ಸ್ ಟ್ರಕ್ಕಿನ ಹಿಂಬದಿಯಲ್ಲಿ ಮೊಣಕಾಲೂರಿ ಕುಳಿತಿದ್ದಳು. ಪಕ್ಕದ ಕಲ್ಲುಗಣಿಯ ಕೆರೆಯಿಂದ ಬೀಸುತ್ತಿದ್ದ ಗಾಳಿಗೆ ಬೋರ್ಡುಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಮೇಲಿದ್ದ ಅಷ್ಟೂ ಬೋರ್ಡುಗಳಲ್ಲಿ ಒಂದೇ ಹೆಸರು, ಒಂದೇ ನಗುಮುಖ: ಮೇಯರ್ ಸ್ಥಾನಕ್ಕೆ ಲೈಲ್ ಪರ್ವಿಸ್.

ಪೆನ್ರಿಕ್ ಊರಿನ ಬೋರ್ಡ್ ಇನ್‌ಸ್ಪೆಕ್ಟರ್ ವೆಂಡೆಲ್ ಕ್ರೌಸ್ ಶುಕ್ರವಾರ ಸಂಜೆ ರಸ್ತೆಯಂಚಿನ ಅಕ್ರಮ ಬೋರ್ಡುಗಳನ್ನು ಕೀಳಲು ಹೋದವನು ಮನೆಗೆ ಮರಳಿರಲಿಲ್ಲ. ಇದು ಭಾನುವಾರ ಮಧ್ಯಾಹ್ನ. ಇಷ್ಟು ಹೊತ್ತಿಗೆ ಸಿಕ್ಕಿದ್ದು ಅವನ ಈ ಟ್ರಕ್ ಮಾತ್ರ. ಅದನ್ನು ನಿನ್ನೆ ಸಂಜೆ ಕಂಡೆ ಎಂದು ತಿಳಿಸಿದ್ದೂ ಆರ್ಡಿತ್.

ಆರ್ಡಿತ್ ಅವನ ಒಬ್ಬಳೇ ಮಗಳು. ನಿನ್ನೆಯಿಂದ ಒಂದೇ ಕೋಟು, ಕೆದರಿದ ಕೂದಲು. ಭುಜಕ್ಕೆ ನೀಲಿ ಬಣ್ಣದ ತಂಪು ಚೀಲ. ಅದರಲ್ಲಿ ಅಪ್ಪನ ಇನ್ಸುಲಿನ್. ಕೆರೆಯಲ್ಲಿ ದೋಣಿ ಬಿಟ್ಟಾಗಲೂ, ಪೊಲೀಸ್ ನಾಯಿ ಬಂದಾಗಲೂ ಆ ಚೀಲವನ್ನು ಅವಳು ಭುಜದಿಂದ ಇಳಿಸಿರಲಿಲ್ಲ.

"ಡಾಕ್ಟರ್ ಏನಂದ್ರು?" ರೋವೀನಾ ತಲೆಯೆತ್ತದೆ ಕೇಳಿದಳು.

"ಏನಂತಾರೆ? ಇವತ್ತು ರಾತ್ರಿಯೊಳಗೆ ಸಿಕ್ಕಿದ್ರೆ ಉಳಿಸ್ಕೋಬಹುದು ಅಂದ್ರು. ಸಿಗದಿದ್ರೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ."

ರೋವೀನಾ ಒಂದು ಬೋರ್ಡನ್ನು ತಲೆಕೆಳಗಾಗಿ ಹಿಡಿದು ನೋಡಿದಳು. ನೆಲಕ್ಕೆ ಚುಚ್ಚುವ ಎರಡು ತಂತಿಕಾಲುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಎರಡನೆಯದನ್ನು ನೋಡಿದಳು, ಮೂರನೆಯದನ್ನು ನೋಡಿದಳು. ಆಮೇಲೆ ಅವುಗಳ ಅಡಿಯಲ್ಲಿದ್ದ ಬೇರೆ ಬೋರ್ಡುಗಳನ್ನು ಎಳೆದಳು. ಅಲ್ಲಿ ಎರಡೂ ಪಕ್ಷದವರದ್ದಿದ್ದವು, ಛಾವಣಿ ರಿಪೇರಿಯವನದ್ದೂ ಇತ್ತು. ಅವುಗಳ ಕಾಲುಗಳಿಗೆ ಮಾತ್ರ ಜೇಡಿಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಒಂದರ ತುದಿಯಲ್ಲಿ ಹುಲ್ಲಿನ ಬೇರೂ ಇತ್ತು.

ಗುರುವಾರವಿಡೀ ಪೆನ್ರಿಕ್‌ನಲ್ಲಿ ಮಳೆ ಸುರಿದಿತ್ತು. ಶುಕ್ರವಾರ ಕಿತ್ತ ಯಾವ ಬೋರ್ಡಿಗೂ ಮಣ್ಣು ಹತ್ತದೆ ಇರಲು ಸಾಧ್ಯವಿಲ್ಲ.

ಅಂದರೆ, ಮೇಲಿದ್ದ ಪರ್ವಿಸ್ ಬೋರ್ಡುಗಳನ್ನು ವೆಂಡೆಲ್ ಎಲ್ಲಿಂದಲೂ ಕಿತ್ತಿರಲಿಲ್ಲ. ಹೊಸ ಕಟ್ಟು ಬಿಚ್ಚಿ ಯಾರೋ ತಂದು ಹಾಕಿದ್ದರು.

ರೋವೀನಾ ಟ್ರಕ್ಕಿನಿಂದ ಕೆಳಗೆ ಹಾರಿದಳು. ಪಕ್ಕದ ಜಿಲ್ಲೆಯ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಬಂದು ಅವಳು ಈ ಕೇಸು ಕೈಗೆತ್ತಿಕೊಂಡಿದ್ದೇ ಇವತ್ತು ಬೆಳಗ್ಗೆ. ಅಷ್ಟರಲ್ಲಿ ಅವಳ ಮೇಲಧಿಕಾರಿ ಶೆರಿಫ್ ಗಾರ್ವಿ ತೀರ್ಮಾನ ಮಾಡಿ ಮುಗಿಸಿದ್ದ. ಹೋದ ವಾರ ಊರ ಸಭೆಯಲ್ಲಿ ಪರ್ವಿಸ್ ಎದ್ದು ನಿಂತು, "ಇನ್ನೊಂದ್ಸಲ ನನ್ನ ಬೋರ್ಡ್ ಕಿತ್ರೆ ನಿನ್ನ ಕೈ ಕೀಳ್ತೀನಿ ವೆಂಡೆಲ್" ಎಂದು ಎಲ್ಲರ ಮುಂದೆ ಕೂಗಿದ್ದ. ಶೆರಿಫ್‌ಗೆ ಆ ಮಾತು, ಟ್ರಕ್ಕಿನ ಈ ಬೋರ್ಡುಗಳು, ಅಷ್ಟೇ ಸಾಕಾಗಿತ್ತು; ಪರ್ವಿಸ್‌ನನ್ನು ಹಿಡಿದು ತಂದು ಸ್ಟೇಷನ್ನಿನಲ್ಲಿ ಕೂರಿಸಿದ್ದ. ಇದ್ದಬದ್ದ ಪೊಲೀಸರೆಲ್ಲ ಬೆಳಗ್ಗಿನಿಂದ ಪರ್ವಿಸ್‌ನ ಗೋದಾಮು, ಜೋಳದ ಹೊಲ, ಹಂದಿ ಕೊಟ್ಟಿಗೆಗಳನ್ನು ಜಾಲಾಡುತ್ತಿದ್ದರು.

"ಬಾ, ಗಾಡಿ ಹತ್ತು," ಎಂದಳು ರೋವೀನಾ. "ಸ್ಟೇಷನ್ನಿಗೆ ಹೋಗೋಣ."

"ಪರ್ವಿಸ್ ಬಾಯಿ ಬಿಟ್ನಾ?"

"ಬಿಡಿಸೋಕೇ ಹೋಗ್ತಿರೋದು."

ಪರ್ವಿಸ್ ವಿಚಾರಣೆ ಕೋಣೆಯಲ್ಲಿ ಎರಡೂ ಕೈಯಲ್ಲಿ ತಲೆ ಹಿಡಿದು ಕುಳಿತಿದ್ದ. ಬೋರ್ಡಿನಲ್ಲಿದ್ದ ನಗುಮುಖಕ್ಕೂ ಈ ಮುಖಕ್ಕೂ ಸಂಬಂಧವೇ ಇರಲಿಲ್ಲ.

"ಬಾರಮ್ಮಾ, ನೀನೂ ಬಾ. ನಾಡಿದ್ದು ಓಟು, ಇವತ್ತು ನಾನು ಕೊಲೆಗಾರ. ನನ್ನ ಟಯರ್ ಅಂಗಡಿ ಗಾಜು ಪುಡಿ ಮಾಡಿದಾರೆ. ನನ್ನ ಹೆಂಡತಿ ಚರ್ಚಿಗೆ ಹೋದ್ರೆ ಅವಳು ಕೂತ ಬೆಂಚಲ್ಲಿ ಯಾರೂ ಕೂರಲಿಲ್ಲವಂತೆ."

"ವೆಂಡೆಲ್ ಕೈ ಕೀಳ್ತೀನಿ ಅಂದಿದ್ದು ನೀವೇ ತಾನೇ?"

"ಅಂದೆ. ಬಾಯಿ ಚಪಲ. ಆಮೇಲೆ ಅವನು ಅಳತೆ ಟೇಪು ಹಿಡ್ಕೊಂಡು ಅಂಗಡಿಗೇ ಬಂದ. 'ನೋಡು ಲೈಲ್, ಕಾಲುದಾರಿಯಿಂದ ಈಚೆ ನಿನ್ನ ಅಂಗಳ, ಆಚೆ ಊರಿನ ಜಾಗ. ಈಚೆ ಚುಚ್ಚು, ನಿನ್ನಜ್ಜನ ಫೋಟೋ ಬೇಕಾದ್ರೂ ಚುಚ್ಚು, ನಾನು ಕೇಳಲ್ಲ' ಅಂದ. ಎದುರಾಳಿ ಬೋರ್ಡನ್ನೂ ಹಾಗೇ ಕೀಳ್ತಿದ್ದ ಅವನು. ಅವನ ಮೇಲೆ ಸಿಟ್ಟು ಇಟ್ಕೊಳ್ಳೋದೂ ಕಷ್ಟ ಕಣಮ್ಮಾ."

"ಹೊಸ ಬೋರ್ಡು ಯಾರ್ಯಾರಿಗೆ ಕೊಟ್ರಿ? ಶುಕ್ರವಾರದಿಂದೀಚೆಗೆ?"

ಪರ್ವಿಸ್ ಹಣೆ ಉಜ್ಜಿಕೊಂಡ. "ಶುಕ್ರವಾರದಿಂದೀಚೆಗೆ ಯಾರಿಗೂ ಇಲ್ಲ. ಖಾಲಿಯಾಗಿತ್ತು. ಒಂದೇ ಕಟ್ಟು ಉಳಿದಿತ್ತು, ಅದನ್ನ ಶನಿವಾರ ಮಧ್ಯಾಹ್ನ..."

ಅವನು ನಿಲ್ಲಿಸಿದ. ಕಣ್ಣು ಕೋಣೆಯ ಕಿಟಕಿಯತ್ತ ಹೋಯಿತು. ಹೊರಗೆ ರೋವೀನಾಳ ಕಾರಿನಲ್ಲಿ ಆರ್ಡಿತ್ ತಲೆ ಸೀಟಿಗೆ ಒರಗಿಸಿ ಕುಳಿತಿದ್ದಳು.

"ಅವಳಿಗೇ ಕೊಟ್ಟೆ," ಎಂದ ಪರ್ವಿಸ್ ಮೆಲ್ಲಗೆ. "ಅಂಗಳಕ್ಕೆ, ನೆರೆಯವರಿಗೆ ಬೇಕು ಅಂದ್ಲು. ವೆಂಡೆಲ್ ಮಗಳೇ ಬಂದು ನನ್ನ ಬೋರ್ಡ್ ಕೇಳ್ತಿದಾಳೆ ಅಂತ ನಾನು ಖುಷಿಯಲ್ಲಿ ಇಡೀ ಕಟ್ಟು ಎತ್ತಿ ಅವಳ ಕಾರಿಗೆ ಹಾಕ್ದೆ. ಅವಳಪ್ಪ ಕಾಣೆಯಾಗಿರೋದು ಆಗ ನಂಗೆ ಗೊತ್ತೇ ಇರಲಿಲ್ಲ. ಅವಳೂ ಹೇಳಲಿಲ್ಲ."

ರೋವೀನಾ ಕಾರಿನ ಬಾಗಿಲು ತೆರೆದು ಒಳಗೆ ಕುಳಿತಳು. ಕೀಲಿ ತಿರುಗಿಸಲಿಲ್ಲ.

"ಏನಂದ? ಎಲ್ಲಿಟ್ಟಿದಾನಂತೆ ಅಪ್ಪನ್ನ?"

"ಆ ಬೋರ್ಡುಗಳನ್ನ ಟ್ರಕ್ಕಿಗೆ ಯಾಕೆ ಹಾಕಿದೆ, ಆರ್ಡಿತ್?"

ಆರ್ಡಿತ್‌ಳ ಕೈ ನೀಲಿ ಚೀಲದ ಪಟ್ಟಿಯನ್ನು ಬಿಗಿಹಿಡಿಯಿತು.

"ಯಾವ ಬೋರ್ಡು?"

"ಇನ್ನೊಂದು ಸುಳ್ಳು ಕೇಳೋಕೆ ನನ್ನ ಹತ್ರ ಸಮಯ ಇಲ್ಲ. ನಿಮ್ಮಪ್ಪನ ಹತ್ರ ಅದಕ್ಕಿಂತ ಇಲ್ಲ. ಟ್ರಕ್ ನಿಂಗೆ ಸಿಕ್ಕಿದ್ದು ಶನಿವಾರ ಸಂಜೆ ಅಂದೆ. ಅದಕ್ಕೂ ಮುಂಚೆನೇ ಸಿಕ್ಕಿತ್ತು, ಅಲ್ವಾ?"

ಹುಡುಗಿ ಒಮ್ಮೆಲೇ ಸಿಡಿದಳು.

"ಹೌದು, ಬೆಳಗ್ಗೇನೇ ಸಿಕ್ತು! ಯಾರು ಹುಡುಕಿದ್ದು? ನಾನು. ಒಬ್ಬಳೇ. ಶೆರಿಫ್ ಗಾರ್ವಿ ಹತ್ರ ಹೋಗಿದ್ದೆ. ಏನಂದ ಗೊತ್ತಾ? ಡೋನಟ್ ಜಗೀತಾ, 'ಸಣ್ಣ ಮಗು ಅಲ್ಲ ಕಣಮ್ಮಾ, ಎಲ್ಲೋ ಮೀನು ಹಿಡಿಯೋಕೆ ಹೋಗಿರ್ತಾನೆ, ಸೋಮವಾರ ಬರ್ತಾನೆ ಬಿಡು' ಅಂದ. ಇನ್ಸುಲಿನ್ ಮನೇಲೇ ಇದೆ ಅಂದ್ರೆ, 'ಯಾರಾದ್ರೂ ಸ್ನೇಹಿತರ ಹತ್ರ ಇರುತ್ತೆ' ಅಂದ. ಇನ್ಸುಲಿನ್ ಅಂದ್ರೆ ಚೂಯಿಂಗ್ ಗಮ್ಮಾ, ಸ್ನೇಹಿತರ ಜೇಬಲ್ಲಿ ಇರೋಕೆ?"

"ಟ್ರಕ್ ಸಿಕ್ಕಿದ ತಕ್ಷಣ ಅವನಿಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ? 'ಟ್ರಕ್ ಕೆಟ್ಟಿದೆ, ನಡ್ಕೊಂಡು ಹೋಗಿದಾನೆ' ಅಂತಿದ್ದ. ಅಪ್ಪ ಬೋರ್ಡ್ ಕೀಳೋನು. ಅವನಿಗೋಸ್ಕರ ದೋಣಿ ಯಾರು ಬಿಡ್ತಾರೆ? ಪರ್ವಿಸ್ ಹೆಸರು ಬಂದ ಮೇಲೆ ನೋಡಿ. ನಾಯಿ ಬಂತು, ಟಿವಿಯವರು ಬಂದ್ರು, ಮೇಲೆ ಹೆಲಿಕಾಪ್ಟರ್ ಸುತ್ತಿತು. ಯಾವನೋ ಒಬ್ಬ ಎರಡು ದಿನ ಹೆಸರು ಕೆಡಿಸ್ಕೊಂಡ್ರೆ ನಂಗೇನಂತೆ? ನಮ್ಮಪ್ಪನ್ನ ಹುಡುಕಿದ್ರಲ್ಲ!"

"ಎಲ್ಲಿ ಹುಡುಕಿದ್ರು?"

ಆರ್ಡಿತ್ ಮುಖವನ್ನು ಕಿಟಕಿಯತ್ತ ತಿರುಗಿಸಿದಳು.

"ಹೇಳು. ಎಲ್ಲಿ ಹುಡುಕಿದ್ರು ಆರ್ಡಿತ್?"

"...ಪರ್ವಿಸ್ ಹೊಲದಲ್ಲಿ."

ಆ ಮಾತನ್ನು ಹುಡುಗಿಯೇ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳುವುದು ಅವಳ ಮುಖದಲ್ಲಿ ಕಾಣುತ್ತಿತ್ತು. ಒಂದು ಹಗಲು, ಅಷ್ಟೂ ಜನ, ಅಷ್ಟೂ ನಾಯಿ, ಅಪ್ಪ ಇಲ್ಲದ ಜಾಗದಲ್ಲಿ.

"ನಿನ್ನ ಮೇಲೆ ಕೇಸು ಹಾಕೋದು ಆಮೇಲೆ ನೋಡೋಣ," ರೋವೀನಾಳ ದನಿ ತಗ್ಗಿತು. "ಈಗ ನೆನಪು ಮಾಡ್ಕೋ. ನೀನು ನೋಡಿದಾಗ ಟ್ರಕ್ ಹೇಗಿತ್ತು? ಏನೇನು ತೆಗೆದೆ?"

"ಏನೂ ತೆಗೀಲಿಲ್ಲ. ಕೀಲಿ ಅದರಲ್ಲೇ ಇತ್ತು. ಅಪ್ಪನ ಫೋನ್ ಇರಲಿಲ್ಲ. ಹಿಂದೆ ಬೋರ್ಡುಗಳಿದ್ವು, ಅವುಗಳ ಮೇಲೆ ಇವನ್ನ ಹಾಕ್ದೆ, ಅಷ್ಟೇ." ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಂದು ಬೋರ್ಡ್ ಮಾತ್ರ ಬಿಸಾಕ್ದೆ. ಎಲ್ಲದಕ್ಕಿಂತ ಮೇಲೆ ಅದೇ ಇತ್ತು. ಪರ್ವಿಸ್ ಹೆಸರೇ ಕಣ್ಣಿಗೆ ಬೀಳ್ಲಿ ಅಂತ ಅದನ್ನ ಮುರಿದು ಪೆಟ್ರೋಲ್ ಬಂಕ್ ಕಸದ ತೊಟ್ಟಿಗೆ ಹಾಕ್ದೆ. ಏನೂ ಅಲ್ಲ ಅದು. ಮನೆಯ ಹಳೇ ಸಾಮಾನು ಮಾರ್ತಾರಲ್ಲ, ಯಾರದ್ದೋ ಗರಾಜ್ ಸೇಲ್ ಬೋರ್ಡು."

ರೋವೀನಾ ಅವಳ ಕಡೆ ಪೂರ್ತಿ ತಿರುಗಿದಳು.

"ಮೇಲೇ ಇತ್ತಾ? ಅಂದ್ರೆ ಕೊನೇಲಿ ಕಿತ್ತಿದ್ದು ಅದೇ."

"ಇರಬೇಕು."

"ಎಲೆಕ್ಷನ್ ಬೋರ್ಡ್ ಕಿತ್ರೆ ನಿಮ್ಮಪ್ಪ ಏನು ಮಾಡ್ತಾನೆ?"

"ಟ್ರಕ್ಕಿಗೆ ಹಾಕಿ ಹೋಗ್ತಾನೆ. ಅವರಿಗೆ ನಿಯಮ ಗೊತ್ತಿರುತ್ತೆ, ಗೊತ್ತಿದ್ದೇ ಮಾಡ್ತಾರೆ ಅಂತಾನೆ."

"ಗರಾಜ್ ಸೇಲ್ ಬೋರ್ಡ್ ಕಿತ್ರೆ?"

ಆರ್ಡಿತ್‌ಳ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಅವರು ಪಾಪದವರು, ಗೊತ್ತಿಲ್ಲದೆ ಕಂಬಕ್ಕೆ ಕಟ್ಟಿರ್ತಾರೆ ಅಂತ..." ಅವಳು ಸೀಟಿನಲ್ಲಿ ನೆಟ್ಟಗೆ ಕುಳಿತಳು. "ಮನೆ ಬಾಗಿಲಿಗೇ ಹೋಗ್ತಾನೆ. ಟೋಪಿ ತೆಗೆದು, ಎಲ್ಲಿ ಚುಚ್ಚಬೇಕು ಅಂತ ತೋರಿಸಿಕೊಟ್ಟು ಬರ್ತಾನೆ. ಯಾವತ್ತೂ ತಪ್ಪಿಸಲ್ಲ. ವಿಳಾಸ ಬೋರ್ಡಲ್ಲೇ ಇರುತ್ತಲ್ಲ, ಬರೀಲೇಬೇಕಲ್ಲ, ಅದು ನಿಯಮ... ಅಯ್ಯೋ ದೇವರೇ. ಅಪ್ಪ ಎಲ್ಲಿಗೆ ಹೋದ ಅಂತ ಅದರಲ್ಲೇ ಇತ್ತು. ನಾನೇ ಮುರಿದು ಬಿಸಾಕ್ದೆ."

"ವಿಳಾಸ ಏನಿತ್ತು?"

"ನೋಡ್ಲಿಲ್ಲ."

"ಆರ್ಡಿತ್!"

"ನೋಡ್ಲಿಲ್ಲ ರೋವೀನಾ! ಕೈಯಲ್ಲಿ ಹಿಡ್ಕೊಂಡೇ ನೋಡ್ಲಿಲ್ಲ!" ಅವಳು ಮುಷ್ಟಿಯಿಂದ ತನ್ನ ಹಣೆಗೇ ಗುದ್ದಿಕೊಂಡಳು. ರೋವೀನಾ ಆ ಕೈ ಹಿಡಿದಳು.

"ಸಾಕು. ಬಣ್ಣ ಯಾವುದು?"

"ಹಸಿರು. ಗಿಳಿ ಹಸಿರು. ಇಡೀ ಮನೆ ಸಾಮಾನು ಅಂತಿತ್ತು. ಕೆಳಗೆ ಬಾಣದ ಗುರುತು. ಶನಿವಾರ, ಭಾನುವಾರ."

"ಇವತ್ತು ಭಾನುವಾರ."

ಬಂಕಿನ ತೊಟ್ಟಿಯನ್ನು ಕಸದ ಲಾರಿ ಆಗಲೇ ಖಾಲಿ ಮಾಡಿತ್ತು. ಆದರೆ ಗರಾಜ್ ಸೇಲ್ ಇಟ್ಟವರು ಯಾರೂ ಒಂದೇ ಬೋರ್ಡು ಚುಚ್ಚಿ ಸುಮ್ಮನಿರುವುದಿಲ್ಲ. ತಿರುವು ತಿರುವಿಗೂ ಚುಚ್ಚಿರುತ್ತಾರೆ. ಕೊನೆಯ ದಿನ ಸೂರ್ಯ ಮುಳುಗುವುದರೊಳಗೆ ಅವನ್ನೆಲ್ಲ ಕಿತ್ತುಬಿಡಬೇಕು ಎಂಬುದು ಪೆನ್ರಿಕ್‌ನ ನಿಯಮ. ಸೂರ್ಯ ಆಗಲೇ ಧಾನ್ಯದ ಗೋಪುರದ ಹಿಂದಕ್ಕೆ ಸರಿದಿದ್ದ.

ರೋವೀನಾ ಕಾರು ಓಡಿಸಿದಳು. ಆರ್ಡಿತ್ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಒಂದೊಂದು ಅಂಗಳವನ್ನೂ ನೋಡುತ್ತಿದ್ದಳು. ಎಲ್ಲೆಲ್ಲೂ ಬೋರ್ಡುಗಳು. ಮೇಯರ್, ಶಾಲಾ ಮಂಡಳಿ, ನ್ಯಾಯಾಧೀಶ, ಮತ್ತೆ ಮೇಯರ್. ಕೆಂಪು, ನೀಲಿ, ಬಿಳಿ. ಹಸಿರು ಎಲ್ಲೂ ಇಲ್ಲ.

ಚರ್ಚ್ ಬೀದಿ ಮುಗಿಯಿತು. ಶಾಲೆಯ ಬೀದಿಯೂ ಮುಗಿಯಿತು. ರೇಡಿಯೋದಲ್ಲಿ ಶೆರಿಫ್ ಗಾರ್ವಿ ಗೊರಗೊರ ಮಾತಾಡಿದ. "ಟಿಬೆಟ್ಸ್, ಎಲ್ಲಿ ಸಾಯ್ತಿದೀಯ? ಪರ್ವಿಸ್‌ನ ಹಂದಿ ಗುಂಡಿ ಅಗೀಬೇಕು, ಬಾ."

"ನೀವೇ ಅಗೀತಾ ಇರಿ ಸರ್," ಎಂದು ಅವಳು ರೇಡಿಯೋ ಆರಿಸಿದಳು.

"ಅಲ್ಲಿ! ನಿಲ್ಸಿ, ನಿಲ್ಸಿ!"

ಮೂಲೆ ಮನೆಯೊಂದರ ಹುಲ್ಲಿನ ಮೇಲೆ, ಕಾಲುದಾರಿಯಿಂದ ಸರಿಯಾಗಿ ಈಚೆಗೆ, ಗಿಳಿ ಹಸಿರು ರಟ್ಟು. ಬಾಣದ ಗುರುತು ಬೆಟ್ಟದ ಕಡೆಗೆ. ಬೆಳಗಿನ ಇಬ್ಬನಿಗೆ ವಿಳಾಸದ ಶಾಯಿ ಪೂರ್ತಿ ಇಳಿದುಹೋಗಿತ್ತು. ಓದಲು ಉಳಿದಿದ್ದು 'ರಸ್ತೆ' ಎಂಬ ಒಂದೇ ಪದ.

ಮುಂದಿನ ತಿರುವಿನಲ್ಲಿ ಇನ್ನೊಂದು ಹಸಿರು. ಅದರಾಚೆ ದಾರಿ ಎರಡಾಗಿ ಒಡೆದಿತ್ತು. ಅಲ್ಲಿ ಏನೂ ಇರಲಿಲ್ಲ. ನೆಲದಲ್ಲಿ ತಂತಿ ಚುಚ್ಚಿದ್ದ ಎರಡು ತೂತು ಮಾತ್ರ.

"ಕಿತ್ತುಬಿಟ್ಟಿದಾರೆ," ಎಂದಳು ಆರ್ಡಿತ್. ಅವಳಿಗೆ ಅಳು ಕೂಡ ಬರಲಿಲ್ಲ. "ಮುಗೀತು."

"ತಡಿ."

ಎಡಗಡೆಯ ದಾರಿಯಿಂದ ಒಂದು ಹಳೆಯ ಕಾರು ಇಳಿದು ಬರುತ್ತಿತ್ತು. ಅದರ ನೆತ್ತಿಯ ಮೇಲೆ ಹಗ್ಗದಲ್ಲಿ ಬಿಗಿದ ಹಾಸಿಗೆ, ಎರಡು ಅಡುಗೆಮನೆ ಕುರ್ಚಿ. ಹಿಂದಿನ ಕಿಟಕಿಯಿಂದ ಒಂದು ನಿಲುದೀಪದ ತಲೆ ಹೊರಗೆ ಚಾಚಿತ್ತು.

ರೋವೀನಾ ಎಡಕ್ಕೆ ತಿರುಗಿಸಿದಳು.

ಬೆಟ್ಟದ ನೆತ್ತಿಯ ಮೇಲೆ ಒಂದು ಒಂಟಿ ಮನೆ. ಗರಾಜಿನ ಬಾಗಿಲು ಮೇಲೆ ಎತ್ತಿತ್ತು. ಒಳಗೆ ಮೇಜುಗಳ ಮೇಲೆ ಕಪ್ಪು, ಬಸಿ, ಮೀನಿನ ಗಾಳ, ಹಳೆಯ ಕೋಟು. ಕೆಂಪು ಗಡ್ಡದ ಒಬ್ಬ ದಪ್ಪ ಮನುಷ್ಯ ಉಳಿದ ಸಾಮಾನನ್ನು ಡಬ್ಬಿಗೆ ತುಂಬುತ್ತಿದ್ದ. ರೋವೀನಾಳ ಪೊಲೀಸ್ ಬ್ಯಾಡ್ಜ್ ನೋಡಿ ಕೈ ಒರೆಸಿಕೊಂಡ.

"ಬೋರ್ಡ್ ವಿಷಯನಾ ಮೇಡಂ? ಕೀಳ್ತಾ ಇದೀನಿ, ಇನ್ನೆರಡೇ ಇರೋದು. ನಾನು ಎಮೆಟ್ ಸ್ಟ್ರೌಡ್. ಕೆಂಟಕಿಯಿಂದ ಬಂದೋನು. ಇದು ನಮ್ಮ ಚಿಕ್ಕಪ್ಪನ ಮನೆ. ಅವರು ತೀರ್ಕೊಂಡ್ರು, ಖಾಲಿ ಮಾಡ್ತಿದೀನಿ."

"ಶುಕ್ರವಾರ ಸಂಜೆ ಇಲ್ಲಿಗೆ ಒಬ್ಬರು ಬಂದಿದ್ರಾ? ವಯಸ್ಸಾದವರು, ಊರಿನ ಟ್ರಕ್ಕಲ್ಲಿ?"

"ಬೋರ್ಡ್ ಯಜಮಾನ್ರಾ? ಬಂದಿದ್ರಲ್ಲ!" ಅವನ ಮುಖ ಅರಳಿತು. "ಎಷ್ಟು ಒಳ್ಳೇ ಮನುಷ್ಯ. ದೀಪದ ಕಂಬಕ್ಕೆ ಕಟ್ಟಬೇಡಿ, ಮೂಲೆ ಮನೆಯವರನ್ನ ಕೇಳಿ ಅವರ ಅಂಗಳದಲ್ಲಿ ಚುಚ್ಚಿ ಅಂತ ಎಲ್ಲ ಹೇಳಿಕೊಟ್ರು. ಹೇಗಿದಾರೆ ಈಗ? ಆಸ್ಪತ್ರೆಯಿಂದ ಬಂದ್ರಾ?"

ಆರ್ಡಿತ್ ಒಂದು ಹೆಜ್ಜೆ ಮುಂದೆ ಬಂದಳು. ರೋವೀನಾ ಅವಳ ತೋಳು ಹಿಡಿದು ತಡೆದಳು.

"ಯಾವ ಆಸ್ಪತ್ರೆ?"

"ಅದೇ, ಅವರಿಗೆ ಇದ್ದಕ್ಕಿದ್ದ ಹಾಗೆ ಬೆವರು ಕಿತ್ಕೊಂಡು ಬಂತು. ಕೈಕಾಲು ನಡುಕ, ಮಾತು ತೊದಲು. ಒಂದು ಕುರ್ಚಿ ಹಾಕಿ ಕೂರಿಸ್ದೆ. ಆಂಬುಲೆನ್ಸಿಗೆ ಫೋನ್ ಮಾಡೋಣ ಅಂತ ಕೈಗೆ ತಗೊಂಡೆ, ಅಷ್ಟರಲ್ಲಿ ಮಗಳು ಬಂದ್ರು."

"ಯಾರ ಮಗಳು?"

"ಅವರದೇ. ರಸ್ತೆ ಕಡೆಯಿಂದ ನಡ್ಕೊಂಡು ಬಂದ್ರು. 'ಅಪ್ಪಂಗೆ ಸಕ್ಕರೆ ಕಾಯಿಲೆ, ಇಳಿದುಬಿಟ್ಟಿದೆ, ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ' ಅಂದ್ರು. ಟ್ರಕ್ ಕೀಲಿ ಅವರೇ ತಗೊಂಡ್ರು. ಆರ್ಡಿತ್ ಅಂತ ಹೆಸರು ಹೇಳಿದ್ರು."

ಆರ್ಡಿತ್ ರೋವೀನಾಳ ಹಿಡಿತ ಬಿಡಿಸಿಕೊಂಡು ಮುಂದೆ ಬಂದಳು.

"ನಾನು ಆರ್ಡಿತ್," ಎಂದಳು ಆರ್ಡಿತ್. "ಅವರಿಗೆ ನಾನೊಬ್ಬಳೇ ಮಗಳು."

ಎಮೆಟ್ ಸ್ಟ್ರೌಡ್ ಅವಳನ್ನು ನೋಡಿದ, ರೋವೀನಾಳನ್ನು ನೋಡಿದ. ಕೈಯಲ್ಲಿದ್ದ ಡಬ್ಬಿಯನ್ನು ನಿಧಾನವಾಗಿ ನೆಲಕ್ಕಿಟ್ಟ.

"ಯಾರೋ ಸತ್ತಿದಾರೆ, ಪರ್ವಿಸ್ ಕೊಂದ ಅಂತ ನಿನ್ನೆಯಿಂದ ಜನ ಮಾತಾಡ್ತಿದ್ರು. ಅದು ಇವರ ವಿಷಯ ಅಂತ ನಂಗೆ... ನಂಗೆ ಇಲ್ಲಿ ಯಾರ ಹೆಸರೂ ಗೊತ್ತಿಲ್ಲ ಮೇಡಂ."

"ಆ ಹೆಂಗಸು ಕರೆದಾಗ ವೆಂಡೆಲ್ ಏನು ಮಾಡಿದ್ರು?" ರೋವೀನಾ ಕೇಳಿದಳು. "ನೆನಪು ಮಾಡ್ಕೊಂಡು ಹೇಳಿ. ತಾವಾಗಿ ಎದ್ದು ಹೋದ್ರಾ?"

ಕೆಂಪು ಗಡ್ಡದ ಮನುಷ್ಯ ಮೇಜಿನ ಪಕ್ಕದ ಕುರ್ಚಿಯತ್ತ ನೋಡಿದ.

"ಇಲ್ಲ. ಕುರ್ಚಿ ಕೈಗಳನ್ನ ಗಟ್ಟಿಯಾಗಿ ಹಿಡ್ಕೊಂಡುಬಿಟ್ರು. 'ಇವಳು ನನ್ನ ಮಗಳಲ್ಲ, ಇವಳು ನನ್ನ ಮಗಳಲ್ಲ' ಅಂತಾನೇ ಇದ್ರು. ಸಕ್ಕರೆ ಇಳಿದಾಗ ಅಪ್ಪ ಹೀಗೇ ಬಡಬಡಿಸ್ತಾನೆ, ಬೇಗ ಸಹಾಯ ಮಾಡಿ ಅಂತ ಅವಳು ಅತ್ಲು. ನಿಜವಾಗ್ಲೂ ಅತ್ಲು ಮೇಡಂ."

ಅವನು ತನ್ನ ಎರಡು ಅಂಗೈಗಳನ್ನು ತಾನೇ ನೋಡಿಕೊಂಡ.

"ಅವರ ಬೆರಳು ಒಂದೊಂದಾಗಿ ಬಿಡಿಸಿ, ಎತ್ಕೊಂಡು ಹೋಗಿ ಟ್ರಕ್ಕಲ್ಲಿ ಕೂರಿಸಿದ್ದು ನಾನೇ."